ಎರಡು ಬೆರಳಿನ ಮಡಿಕೆ

ಬಸ್ಸಿನಲ್ಲಿ ಮುದುಕನೊಬ್ಬ ಎದ್ದು ಜಾಗ ಬಿಟ್ಟುಕೊಟ್ಟಾಗಲೇ ತಾನು ತೊಟ್ಟಿರುವುದು ತನ್ನ ಕೋಟಲ್ಲ, ಮಗಳದು ಎಂದು ದರ್ಜಿಗೆ ಹೊಳೆದದ್ದು. ಕಡೇಪಕ್ಷ ಆ ದಿನವಿಡೀ ಅವನು ತನಗೆ ತಾನೇ ಹೇಳಿಕೊಂಡದ್ದು ಹಾಗೆ. ಮುದುಕನ ಕೈಯಲ್ಲಿ ಔಷಧಿಯ ಚೀಲವಿತ್ತು. ಮೊಣಕಾಲು ಸೋತದ್ದು ಏಳುವಾಗಲೇ ತಿಳಿಯುತ್ತಿತ್ತು. "ಕೂತ್ಕೊಳ್ಳಿ, ಮೇಲಿಂದ ಇಳಿದು ಬಂದಿದೀರಿ" ಎಂದ. ಬೂದಿ ಬಣ್ಣದ, ಮೊಣಕಾಲಿನ ತನಕ ಬರುವ, ಕಿವಿ ಮುಚ್ಚುವ ಕತ್ತುಪಟ್ಟಿಯ ಆ ಕೋಟು ಊರಿನ ಕೂಸುಕುನ್ನಿಗೂ ಗೊತ್ತು. ಗಡಿಯ ಮೇಲಿನ ಠಾಣೆಗೆ, ವರ್ಷವಿಡೀ ಹಿಮ ಕರಗದ ಆ ಎತ್ತರಕ್ಕೆ, ಕಾವಲಿಗೆ ಹೋಗುವವರಿಗೆ ಮಾತ್ರ ಸೈನ್ಯ ಅದನ್ನು ಕೊಡುತ್ತದೆ. ದರ್ಜಿ ಸೈನಿಕನೇ ಅಲ್ಲ. ಶಿಬಿರದ ಉಡುಪಿನ ಸ್ಟೋರಿನಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿರುವವನು, ಆಯಸ್ಸಿನಲ್ಲಿ ಅವನು ಹತ್ತಿದ ಅತಿ ಎತ್ತರವೆಂದರೆ ಅದೇ ಸ್ಟೋರಿನ ಮೂರನೇ ಮಹಡಿ. 'ಅಯ್ಯೋ ನಾನಲ್ಲ, ಮಗಳು' ಎನ್ನಬಹುದಿತ್ತು. ಮಾತು ಗಂಟಲಿನ ತನಕ ಬಂದಿತ್ತು ಕೂಡ. ಆದರೆ ಇಡೀ ಬಸ್ಸು ತನ್ನನ್ನೇ ನೋಡುತ್ತಿತ್ತು, ಕಿಟಕಿಯ ಪಕ್ಕದ ಹೆಂಗಸೊಬ್ಬಳು ಮಡಿಲಿನ ಮಗುವಿಗೆ ಅವನನ್ನು ತೋರಿಸುತ್ತಿದ್ದಳು, ಆ ನೋಟದಲ್ಲಿ ಎಂಥದೋ ಬೆಚ್ಚಗಿನದು ಇತ್ತು. ದರ್ಜಿ ಕೂತುಬಿಟ್ಟ. ಸೋತ ಮೊಣಕಾಲಿನ ಮುದುಕನನ್ನು ನಿಲ್ಲಿಸಿ ತಾನು ಕೂತುಬಿಟ್ಟ.

ಹೇಗಾಯಿತೆಂದರೆ, ಕಸುಬಿನ ಚಾಳಿಯಿಂದ ಆಯಿತು. ಯಾವ ಕೋಟು ಕೈಗೆ ಬಂದರೂ ಅವನು ಅದನ್ನು ಮೊದಲು ಮೈಮೇಲೆ ಹಾಕಿಕೊಂಡು ನೋಡುವವನು. ಕೋಟಿನ ತಪ್ಪು ಕಣ್ಣಿಗಿಂತ ಮೊದಲು ಹೆಗಲಿಗೆ ಗೊತ್ತಾಗುತ್ತದೆ ಎಂದು ಕಲಿಯಲು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಸವೆದಿತ್ತು. ಮೊನ್ನೆ ಒಂಬತ್ತು ತಿಂಗಳ ಕಾವಲು ಮುಗಿಸಿ ಇಳಿದು ಬಂದ ಮಗಳು ಎರಡು ದಿನ ಹೆಚ್ಚುಕಡಿಮೆ ನಿದ್ದೆಯಲ್ಲೇ ಇದ್ದಳು. ಅವಳ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ಹಳೇ ಕಂದು ಕೋಟಿನ ಮೇಲೆಯೇ ತೂಗುತ್ತಿತ್ತು. ಬೆಳಿಗ್ಗೆ ಚಹಾ ಕುಡಿದು ಎದ್ದವನು ಅದನ್ನು ತೆಗೆದ, ತೊಟ್ಟ, ಹೆಗಲು ಕುಣಿಸಿ ನೋಡಿದ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, ಬಸ್ಸು ತಪ್ಪತ್ತೆ ನೋಡಿ ಎಂದಳು, ಅವನು ಚಪ್ಪಲಿ ಮೆಟ್ಟಿ ಹೊರಟ. ಇಷ್ಟೇ. ಆದರೆ ಇಷ್ಟೇ ಆಗಿದ್ದರೆ ಬೀದಿಯ ಕನ್ನಡಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತದ್ದು ಯಾಕೆ? ಕತ್ತುಪಟ್ಟಿ ಎತ್ತಿ ಕಿವಿ ಮುಚ್ಚಿಕೊಂಡದ್ದು ಯಾಕೆ?

ಬೇರೆ ಯಾರಾದರೂ ಮಾಡಿದ್ದರೆ ನಕ್ಕು ಬಿಡಬಹುದಿತ್ತು. ಮಾಡಿದವನು ಕಾಯಿದೆ ಮಾಸ್ತರ. ಶಿಬಿರದಲ್ಲಿ ಅವನಿಗಿದ್ದ ಹೆಸರು ಅದು, ಮುಂದೆ ಮಾಸ್ತರೇ ಅನ್ನುವವರು ಬೆನ್ನ ಹಿಂದೆ ಬರೀ ಕಾಯಿದೆ ಅನ್ನುತ್ತಿದ್ದರು. ಉಡುಪಿನ ನಿಯಮಗಳ ಪುಸ್ತಕ ಅವನಿಗೆ ಬಾಯಿಪಾಠ. ಅದರಲ್ಲೂ ಹನ್ನೊಂದನೇ ಕಲಮು: ಮೇಲಿನ ಠಾಣೆಗೆಂದು ಕೊಟ್ಟ ಉಡುಪನ್ನು ಅಲ್ಲಿಗೆ ಹೋದವರೇ ತೊಡತಕ್ಕದ್ದು, ಇಳಿದ ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು, ತಂದೆ, ತಾಯಿ, ಗಂಡ, ಹೆಂಡತಿ, ಯಾರೇ ಆಗಲಿ, ಯಾವ ಕಾರಣಕ್ಕೂ ತೊಡತಕ್ಕದ್ದಲ್ಲ, ಶಿಬಿರದ ದರ್ಜಿಯ ಹೊರತು ಬೇರೆ ಯಾರೂ ಅದಕ್ಕೆ ಕತ್ತರಿ ಸೂಜಿ ತಾಗಿಸತಕ್ಕದ್ದಲ್ಲ, ಅವನೂ ಅಪ್ಪಣೆಯಿಲ್ಲದೆ ತಾಗಿಸತಕ್ಕದ್ದಲ್ಲ. ತಂದೆ ಎಂಬ ಮಾತು ಕಲಮಿನಲ್ಲಿ ಮೊದಲೇ ಬರುತ್ತದೆ. ಬಸ್ಸು ತಿರುವಿನಲ್ಲಿ ವಾಲಿದಾಗ ಮುದುಕ ಅವನ ಹೆಗಲು ಹಿಡಿದು ಸಾವರಿಸಿಕೊಂಡ, ಹಿಡಿದ ಕೈಯನ್ನು ಬೇಗ ತೆಗೆಯಲೂ ಇಲ್ಲ. ಆ ಬಟ್ಟೆ ಮುಟ್ಟಿದ್ದರಿಂದ ಅವನಿಗೆ ಏನೋ ಸಿಗುತ್ತಿರುವಂತಿತ್ತು. ದರ್ಜಿ ತಲೆ ತಗ್ಗಿಸಿದ, ತಗ್ಗಿಸಿದಾಗ ಕಂಡದ್ದು ತನ್ನ ಎರಡು ಮುಂಗೈ. ಕೋಟಿನ ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತ್ತು.

ಅದು ಸಾಧ್ಯವಿರಲಿಲ್ಲ. ಗಿಡ್ಡ ಕೈ ಅವರ ಮನೆತನದ್ದು, ಅವನಪ್ಪನಿಗೂ ಹಾಗೇ, ಮಗಳಿಗೂ ಹಾಗೇ. ಆ ಕೋಟಿನ ಅತಿ ಸಣ್ಣ ಅಳತೆ ತೊಟ್ಟರೂ ಬೆರಳುಗಳಷ್ಟೇ ಹೊರಗಿಣುಕುತ್ತವೆ ಎಂದು ಅವನಿಗೆ ಮೂವತ್ತು ವರ್ಷದ ಅನುಭವ. ಹೊರಡುವ ಹಿಂದಿನ ದಿನ ಅವಳು ಸ್ಟೋರಿಗೆ ಬಂದು ನಿಂತದ್ದೂ ಅದಕ್ಕೇ. ಅವಳ ತುಕಡಿಯವರೆಲ್ಲ ಸಾಲಿನಲ್ಲಿದ್ದರು. ಕೋಟು ತೊಟ್ಟು ಕೈ ಮುಂದೆ ಚಾಚಿದರೆ ಅಂಗೈಯೇ ಇಲ್ಲ. "ವೈರ್‌ಲೆಸ್ಸಿನ ಗುಂಡಿ ತಿರುಗಿಸೋಕೆ ಆಗಲ್ಲ ಅಪ್ಪಾ. ತೋಳಿನ ತುದಿ ಒದ್ದೆಯಾದ್ರೆ ಬೆರಳ ಮೇಲೇ ಹೆಪ್ಪುಗಟ್ಟತ್ತಂತೆ. ಎರಡು ಬೆರಳಷ್ಟು ಬಟ್ಟೆ ಒಳಗೆ ಮಡಚಿ ಹೊಲಿದುಕೊಟ್ರೆ ಸಾಕು" ಎಂದಳು, ಮೆಲ್ಲಗೆ, ಉಳಿದವರಿಗೆ ಕೇಳದ ಹಾಗೆ. ಅವನು ಎಲ್ಲರಿಗೂ ಕೇಳುವ ಹಾಗೆ ಕಲಮು ಹೇಳಿದ. ಅಪ್ಪಣೆ ಬೇಕು, ಅರ್ಜಿ ಕೊಡು, ಮೂರು ವಾರ ಹಿಡಿಯತ್ತೆ ಎಂದ. ಮೂರು ವಾರ! ಮಾರನೆಯ ದಿನ ಬೆಳಿಗ್ಗೆ ಲಾರಿ ಹೊರಡುವುದಿತ್ತು. ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು, ಯಾರೋ, ಕಾಯಿದೆ ಅಂದ್ರೆ ಕಾಯಿದೆ ಕಣಪ್ಪಾ, ಹೆತ್ತ ಮಗಳನ್ನೂ ಬಿಡಲ್ಲ ಎಂದರು, ಸ್ಟೋರೆಲ್ಲ ನಕ್ಕಿತು. ಅವಳೂ ನಕ್ಕಳು, ಮುಖ ಮಾತ್ರ ಸಣ್ಣದಾಗಿತ್ತು. ಕೋಟು ಮಡಚಿ ಚೀಲಕ್ಕೆ ತುರುಕಿ ಹೋದಳು. ಆ ದಿನ ಸಂಜೆ ಸ್ಟೋರ್ ಸಾಹೇಬರು ಅವನ ಬೆನ್ನು ತಟ್ಟಿದ್ದರು. ಮನೆಗೆ ಬರುವಾಗ ಅವನ ಎದೆ ಉಬ್ಬಿತ್ತು. ಈಗ ನೆನೆದರೆ ನಾಚಿಕೆಯಾಗುತ್ತಿರುವುದು ಆ ನಗುವಿಗಲ್ಲ, ಆ ಉಬ್ಬಿಗೆ.

ಬಸ್ಸಿನ ಕುಲುಕಾಟದಲ್ಲಿ ತೋಳಿನ ತುದಿಯನ್ನು ಹೊರಳಿಸಿ ನೋಡಿದ. ಎರಡು ಬೆರಳಿನಷ್ಟು ಬಟ್ಟೆ ಒಳಗೆ ಮಡಚಿತ್ತು, ಸುತ್ತಲೂ ಕೈಹೊಲಿಗೆ. ದಾರ ದಾರವಲ್ಲ. ಉಗುರಿನಿಂದ ಕೆರೆದು ನೋಡಿದ: ಹಲ್ಲಿನ ಸಂದು ಶುಚಿಮಾಡುವ ಮೇಣದ ಎಳೆ. ಮತ್ತೆ ಆ ಹೊಲಿಗೆ! ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಐದಕ್ಕೊಮ್ಮೆ ಎರಡು ಸಲ ಅದೇ ತೂತಿನಲ್ಲಿ ಕೂತು ಏಳುವುದು. ಆ ಐದನೆಯದು ಅವನಪ್ಪ ಅವನಿಗೆ ಕಲಿಸಿದ್ದು, ಅವನು ಮತ್ತಾರಿಗೂ ಕಲಿಸಿರಲಿಲ್ಲ. ಒಮ್ಮೆ ಮಾತ್ರ, ಎಂಟು ವರ್ಷದ ಮಗಳು ಜ್ವರ ಬಂದು ಶಾಲೆ ಬಿಟ್ಟು ಯಂತ್ರದ ಕೆಳಗೆ ಕೂತಿದ್ದಾಗ, ಸುಮ್ಮನಿರಲಿ ಅಂತ ಚಿಂದಿ ಬಟ್ಟೆ ಕೊಟ್ಟು ತೋರಿಸಿದ್ದ. ಅವಳು ಎರಡು ಸಲ ಸೂಜಿ ಚುಚ್ಚಿಕೊಂಡು, ನನಗಿದು ಬೇಡ, ನಾನು ಬೆಟ್ಟ ಹತ್ತುತೀನಿ ಎಂದು ಎಸೆದಿದ್ದಳು. ಎಸೆದಿದ್ದಳು ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಇಳಿಯುವ ನಿಲ್ದಾಣ ಬಂದದ್ದು ಗೊತ್ತಾಗಲಿಲ್ಲ, ಮುದುಕನೇ ತಟ್ಟಿ ಎಬ್ಬಿಸಿದ.

ಶಿಬಿರದ ಗೇಟಿನಲ್ಲಿ ಕಾವಲಿನ ಸಿಪಾಯಿ ದೂರದಿಂದಲೇ ಕಾಲು ಜೋಡಿಸಿ ನೆಟ್ಟಗೆ ನಿಂತ. ಹತ್ತಿರ ಬಂದ ಮುಖ ನೋಡಿ ಅವನ ಕೈ ಅರ್ಧದಲ್ಲೇ ನಿಂತುಹೋಯಿತು. ಹೋದ ವರ್ಷ ಇದೇ ಸಿಪಾಯಿ ಮೇಲಿನ ಠಾಣೆಯಲ್ಲಿದ್ದ ಗೆಳೆಯನ ಟೊಪ್ಪಿಗೆ ಹಾಕಿಕೊಂಡು ಪೇಟೆಗೆ ಹೋಗಿದ್ದಕ್ಕೆ ದರ್ಜಿ ಅವನನ್ನು ಹಿಡಿದು ನಾಲ್ಕು ಜನರ ಮುಂದೆ ನೀರಿಳಿಸಿದ್ದ. ಸಿಪಾಯಿ ಅದನ್ನು ಮರೆತಿರಲಿಲ್ಲ. ಯಾವ ತುಕಡಿ, ಯಾವಾಗ ಇಳಿದದ್ದು ಎಂದು ಅಪರಿಚಿತನನ್ನು ಕೇಳುವ ಹಾಗೆ ಕೇಳಿದ. ದರ್ಜಿ ಕತ್ತುಪಟ್ಟಿ ಇಳಿಸಿದ. ಹಿಂದೆ ಸೈಕಲ್ಲುಗಳು ಸಾಲುಗಟ್ಟಿದವು. "ಹನ್ನೊಂದನೇ ಕಲಮು ಮಾಸ್ತರೇ. ನೀವೇ ಹೇಳಿಕೊಟ್ಟಿದ್ದು" ಎಂದು ಸಿಪಾಯಿ ಕೈ ಚಾಚಿದ. ದರ್ಜಿ ಅಲ್ಲೇ ಗುಂಡಿ ಬಿಚ್ಚಿದ. ಕೆಳಗೆ ತೆಳ್ಳನೆಯ ಅಂಗಿ, ಹೆಗಲ ಮೇಲೆ ತೂಗುವ ಅಳತೆಪಟ್ಟಿ. ಚಳಿ ಒಮ್ಮೆಗೇ ಮೈಮೇಲೆ ಬಿತ್ತು. ಸಿಪಾಯಿಗೂ ಏನನ್ನಿಸಿತೋ, ಕೋಟನ್ನು ಇಸಿದುಕೊಳ್ಳದೆ, ಒಳಗೆ ತಗೊಂಡು ಹೋಗಿ, ಹಾಕ್ಕೋಬೇಡಿ ಅಷ್ಟೆ ಎಂದು ಮುಖ ತಿರುಗಿಸಿದ. ಅಂಗಳದುದ್ದಕ್ಕೂ ದರ್ಜಿ ಅದನ್ನು ಎರಡು ತೋಳಿನ ಮೇಲೆ ಹೊತ್ತು ನಡೆದ, ಮಲಗಿದ ಮಗುವನ್ನು ಒಳಗೆ ಒಯ್ಯುವ ಹಾಗೆ.

ಕೋಟುಗಳನ್ನು ಹಿಂದಕ್ಕೆ ಪಡೆಯುವ ದಿನ ಅದು. ಹನ್ನೊಂದಕ್ಕೆ ಮಗಳ ತುಕಡಿಯವರು ಬರುವುದಿತ್ತು, ಈಗಿನ್ನೂ ಒಂಬತ್ತು ಗಂಟೆ. ದರ್ಜಿ ಮಗಳ ಕೋಟನ್ನು ಉದ್ದನೆಯ ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹಾಸಿದ. ಹೀಗೆ ಸಾವಿರಾರು ಕೋಟು ಹಾಸಿದ್ದಾನೆ. ಹರಿದದ್ದು, ಸುಟ್ಟದ್ದು, ಗುಂಡಿ ಹೋದದ್ದು ಎಂದು ಮೂರು ಕಡೆ ಗುರುತು ಹಾಕಿ ಎಸೆಯುವುದಷ್ಟೇ ಕೆಲಸ. ಇವತ್ತು ಕೈ ಓಡಲಿಲ್ಲ. ಬಲ ಹೆಗಲು ಹಗ್ಗ ಉಜ್ಜಿ ನುಣುಪಾಗಿತ್ತು. ಎಡ ಮೊಣಕೈಯ ಹತ್ತಿರ ಒಲೆಗೆ ತಾಗಿದ ಕರಕಲು. ಬಲತೋಳಿನ ತುದಿಯಲ್ಲಿ ಹೊಲಿಗೆಯ ಪಕ್ಕಕ್ಕೇ ಖಾಲಿ ತೂತುಗಳ ಇನ್ನೊಂದು ಸಾಲು, ಅದರ ಪಕ್ಕ ಮತ್ತೊಂದು. ಅಂದರೆ ಎರಡು ಸಲ ಎಳೆ ಕಿತ್ತುಹೋಗಿತ್ತು, ಮೂರನೆಯ ಸಲ ನಿಂತಿತ್ತು. ಅವನು ಹೊಲಿಗೆ ಎಣಿಸಿದ, ಅರವತ್ತನಾಲ್ಕು. ಮೇಲಿನ ಠಾಣೆಯಲ್ಲಿ ಕೈಗವಸು ತೆಗೆದರೆ ಇಪ್ಪತ್ತು ಎಣಿಸುವುದರೊಳಗೆ ಮತ್ತೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಬೆರಳು ನಮ್ಮದಲ್ಲ ಎಂದು ಇಳಿದು ಬಂದವರೆಲ್ಲ ಹೇಳುತ್ತಿದ್ದುದು ನೆನಪಾಯಿತು. ಅವನು ಸೂಜಿ ಎತ್ತಿಕೊಂಡು ಆ ದಪ್ಪ ಬಟ್ಟೆಯ ಚೂರೊಂದರಲ್ಲಿ ಇಪ್ಪತ್ತು ಎಣಿಸುತ್ತ ಹೊಲಿದು ನೋಡಿದ. ಗಾಳಿ ನುಗ್ಗದ ಕೋಣೆ, ಒಳ್ಳೆಯ ಬೆಳಕು, ಮೂವತ್ತು ವರ್ಷ ಪಳಗಿದ ಕೈ, ಐದು ಹೊಲಿಗೆ ಬಿತ್ತು. ಅವಳಿಗೆ ಎರಡು ಬಿದ್ದಿರಬಹುದು, ಒಂದು ಬಿದ್ದಿರಬಹುದು. ಒಂದೊಂದು ಹೊಲಿಗೆಗೆ ಒಮ್ಮೆ ಕೈಗವಸು ಬಿಚ್ಚಿ, ಒಮ್ಮೆ ಹಾಕಿ, ಅಷ್ಟು ಹೊತ್ತು ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಮತ್ತೆ. ಎಡತೋಳಿನ ಹೊಲಿಗೆ ಬಲಕ್ಕಿಂತ ಚೆನ್ನಾಗಿತ್ತು. ಒಂದು ತೋಳಿನಿಂದ ಇನ್ನೊಂದು ತೋಳಿಗೆ ಹೋಗುವುದರೊಳಗೆ ಹುಡುಗಿ ಕಲಿತುಬಿಟ್ಟಿದ್ದಳು. ಅವನು ಸ್ಟೂಲಿನ ಮೇಲೆ ಹಾಗೇ ಕೂತುಕೊಂಡ.

ಹನ್ನೊಂದಕ್ಕೆ ತುಕಡಿಯವರು ಬಂದರು, ಸುಟ್ಟ ಮೂಗು, ಒಡೆದ ತುಟಿ, ಬಾಯಿ ತುಂಬ ಗಲಾಟೆ. ಮೊದಲನೆಯ ಕೋಟನ್ನು ಹಾಸಿದ. ಕಂಕುಳ ಕೆಳಗೆ ಒಂದು ಗೇಣು ಹರಿದು ಕೂಡಿಸಿದ ಗುರುತು, ಐದಕ್ಕೊಮ್ಮೆ ಎರಡು ಸಲ ಕೂತ ಹೊಲಿಗೆ. ಎರಡನೆಯದರ ಕತ್ತುಪಟ್ಟಿ, ಅದೇ. ಮೂರನೆಯದರ ಬೆನ್ನು, ಅದೇ. ಒಂದರಲ್ಲಿ ಹಲ್ಲಿನ ಎಳೆ, ಇನ್ನೊಂದರಲ್ಲಿ ಮೀನಿನ ಗಾಳದ ದಾರ, ಮತ್ತೊಂದರಲ್ಲಿ ಡೇರೆಯ ಹಗ್ಗ ಬಿಡಿಸಿ ತೆಗೆದ ನೂಲು. ಮಗಳದೂ ಸೇರಿ ಇಪ್ಪತ್ತೆರಡು ಕೋಟಿನಲ್ಲಿ ಹದಿನೇಳು ಹೀಗಿದ್ದವು. ಯಾರು ಹೊಲಿದದ್ದು ಎಂದು ಕೇಳುವುದು ಅವನ ಕೆಲಸ, ಕೇಳಿದ. ಉದ್ದನೆಯ ಒಬ್ಬ ಸಿಪಾಯಿ, ಇನ್ಯಾರು, ನಮ್ಮ ದರ್ಜಿ ಎಂದ. ದರ್ಜಿ ತನ್ನನ್ನು ಕರೆದರೆಂದು ತಲೆಯೆತ್ತಿದ. ಅವರು ಯಾರೂ ಅವನನ್ನು ನೋಡುತ್ತಿರಲಿಲ್ಲ. ಉದ್ದನೆಯವನು ತನ್ನ ಕೋಟಿನ ಹೆಗಲು ತೋರಿಸುತ್ತಿದ್ದ.

ಬಂಡೆಯ ಮೊನೆಗೆ ಸಿಕ್ಕಿ ಅವನ ಕೋಟು ಹೆಗಲಿನಿಂದ ಸೊಂಟದ ತನಕ ಬಾಯಿಬಿಟ್ಟಿತ್ತಂತೆ. ಠಾಣೆಗೆ ಇನ್ನೂ ಮೂರು ತಾಸಿನ ಹಾದಿ, ಗಾಳಿ ಎದ್ದಿತ್ತು, ಕೋಟು ಬಿಚ್ಚಿದರೆ ಅಲ್ಲೇ ಮುಗಿಯಿತು. ಅವಳು ಅವನನ್ನು ಬಂಡೆಯ ಮರೆಗೆ ಕೂರಿಸಿ, ಮೈಮೇಲಿದ್ದ ಹಾಗೆಯೇ ಹೊಲಿದಳಂತೆ. ಸೂಜಿ ಹಿಡಿಯಲು ಬಲಗೈಯ ಗವಸು ತೆಗೆದಳು, ಮತ್ತೆ ಹಾಕಿಕೊಳ್ಳಲಿಲ್ಲ. ಪ್ರತಿಸಲ ಹಾಕಿ ತೆಗೆಯಲು ಪುರುಸೊತ್ತಿರಲಿಲ್ಲ. "ಮಾತಾಡಿಸ್ತಾನೇ ಇದ್ಲು ಮಾಸ್ತರೇ. ನಮ್ಮಪ್ಪ ಐದಕ್ಕೊಂದ್ಸಲ ಅದೇ ತೂತಿಗೆ ಹಿಂದೆ ಬರ್ತಾರೆ, ಆಮೇಲೆ ಆನೆ ಎಳೆದ್ರೂ ಬಿಡಲ್ಲ ಅಂತ. ನಾನು ಬದುಕಿರೋದು ಆ ಐದನೇ ಹೊಲಿಗೆ ಮೇಲೆ" ಎಂದ ಉದ್ದನೆಯವನು. ಗಲಾಟೆ ನಿಂತಿತ್ತು. ನಿನ್ನೆ ಮಗಳು ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಏನಿದು ಎಳೇ ಮಗು ಹಾಗೆ, ಚೆಲ್ಲೀಯೆ ಎಂದು ಅವನು ಗದರಿದ್ದ. ಅವಳು ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು.

ಸ್ಟೋರ್ ಸಾಹೇಬರು ದುರಸ್ತಿಯ ಲೆಕ್ಕದ ಪುಸ್ತಕ ಹಿಡಿದು ಬಂದಾಗ ಸಾಲು ಕರಗಿತ್ತು. ಅವರು ಕೆಟ್ಟವರಲ್ಲ, ಎರಡು ಮಾತಿನಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದರು. ದುರಸ್ತಿಯಾದ ಪ್ರತಿ ಕೋಟಿಗೂ 'ಹೊಲಿದ ದರ್ಜಿ' ಎಂಬ ಕಡೆ ಒಂದು ಹೆಸರು ಬೇಕು. ಅಪ್ಪಣೆಯಿಲ್ಲದವರ ಹೆಸರು ಬಂದರೆ ಅವರ ಶಿಸ್ತಿನ ಪುಟಕ್ಕೆ ಟಿಪ್ಪಣಿ ಹೋಗುತ್ತದೆ. ಮಗಳು ಬೆಟ್ಟ ಹತ್ತುವುದನ್ನು ಕಲಿಸುವ ಶಾಲೆಗೆ ಅರ್ಜಿ ಹಾಕಿದ್ದಳು, ಬರುವ ತಿಂಗಳು ಆಯ್ಕೆ. ಎಂಟು ವರ್ಷದವಳಿದ್ದಾಗಿನಿಂದ ಅವಳು ಕೇಳಿದ್ದು ಅದೊಂದೇ. ಪುಟದಲ್ಲಿ ಟಿಪ್ಪಣಿಯಿದ್ದವರನ್ನು ಆ ಶಾಲೆ ತೆಗೆದುಕೊಂಡದ್ದು ಕಡಿಮೆ. ಸಾಹೇಬರು ಕನ್ನಡಕ ತೆಗೆದು ಒರೆಸುತ್ತ, ಶಿಬಿರದ ದರ್ಜಿ ನೀವು, ಹೊಲಿಗೆಯೂ ನಿಮ್ಮದೇ ಥರ ಇದೆ, ನಾನು ಹೊಲಿಗೆ ತಜ್ಞನಲ್ಲಪ್ಪ ಎಂದು ಕಿಟಕಿಯ ಕಡೆ ನೋಡಿದರು. ದರ್ಜಿಗೆ ಅರ್ಥವಾಯಿತು. ಮೂವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದೂ ಸುಳ್ಳು ಬರೆದವನಲ್ಲ. ಬರೆಯಲು ಕೂತ. ಪೆನ್ನಿನ ಮುಚ್ಚಳ ತೆಗೆದ. ಅಂದು ಹೊಲಿಯಬೇಕಾಗಿದ್ದವನು ತಾನೇ ತಾನೆ, ಒಂಬತ್ತು ತಿಂಗಳು ತಡವಾಗಿ ಹೊಲಿದಂತಾಯಿತು ಎಂದು ಮನಸ್ಸು ಸಮಜಾಯಿಷಿ ಹುಡುಕಿಕೊಟ್ಟಿತು. ಕೈ ತನ್ನ ಹೆಸರಿನ ಮೊದಲಕ್ಷರ ಬರೆಯಿತು.

"ಅಪ್ಪಾ, ಅದು ನೀನು ಹೊಲಿದಿದ್ದಲ್ಲ."

ಮಗಳು ಎದುರಿಗೆ ನಿಂತಿದ್ದಳು. ಅವನ ಹಳೇ ಕಂದು ಕೋಟು ತೊಟ್ಟುಕೊಂಡು ಬಂದಿದ್ದಳು, ಮೊಳೆಯಲ್ಲಿ ಉಳಿದಿದ್ದದ್ದು ಅದೊಂದೇ ಅಲ್ಲವೆ. ತೋಳು ಅವಳ ಮಣಿಕಟ್ಟಿಗೆ ಸರಿಯಾಗಿ ಬಂದಿತ್ತು. ದರ್ಜಿ ದನಿ ತಗ್ಗಿಸಿ ಎಲ್ಲ ಹೇಳಿದ, ಶಾಲೆ, ಆಯ್ಕೆ, ಟಿಪ್ಪಣಿ, ಹದಿನೇಳು ಕೋಟು ಎಂದರೆ ಹದಿನೇಳು ಟಿಪ್ಪಣಿ. ಸುಮ್ಮನಿರು ಪುಟ್ಟಿ, ಇಷ್ಟಾದರೂ ಮಾಡೋಕೆ ಬಿಡು ಎಂದ. ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಆಗಲಿಲ್ಲ. ಮೇಜಿನ ಮೇಲಿದ್ದ ತನ್ನ ಕೋಟಿನ ಬಲತೋಳನ್ನು ಅಂಗೈಯಿಂದ ಸವರಿದಳು, ಬೆರಳಿನಿಂದಲ್ಲ.

"ಹೊಲಿದಿದ್ದು ನಾನು. ಕೆಟ್ಟದಾಗಿ ಹೊಲಿದಿದ್ದೂ ನಾನೇ, ಚೆನ್ನಾಗಿ ಹೊಲಿದಿದ್ದೂ ನಾನೇ. ಶಾಲೆ ಸಿಗದಿದ್ರೆ ಇನ್ನೊಂದು ವರ್ಷ ಕೇಳ್ತೀನಿ. ನನ್ನ ಹೆಸರು ಬರಿ ಅಪ್ಪಾ."

ದರ್ಜಿ ಅವಳನ್ನು ನೋಡಿದ. ತನ್ನ ಗಿಡ್ಡ ಕೈ, ತನ್ನಪ್ಪನ ಗಿಡ್ಡ ಕೈ, ಆ ಕೈ ಹೋಗಿ ಬಂದ ಜಾಗವನ್ನು ಅವನು ಊಹಿಸಲೂ ಆರ. ಅವನ ಮನೆಯ ಮೊಳೆಗೆ ಕೋಟು ತಗುಲಿಸಿ ಎರಡು ದಿನ ಮಲಗಿದ್ದವಳು ಇವಳೇನಾ ಎಂದು ದಿಗಿಲಿನಂಥ ಬೆರಗು ಅವನನ್ನು ಹಿಡಿದುಕೊಂಡಿತು. ಮೊದಲಕ್ಷರವನ್ನು ಹೊಡೆದುಹಾಕಿದ. 'ಹೊಲಿದ ದರ್ಜಿ' ಎಂಬ ಕಡೆ, ಮೂವತ್ತು ವರ್ಷ ಅವನ ಹೆಸರಲ್ಲದೆ ಬೇರೆ ಹೆಸರು ಕಂಡಿರದ ಜಾಗದಲ್ಲಿ, ಅವಳ ಹೆಸರು ಬರೆದ, ಹದಿನೇಳು ಸಲ, ಒಂದೂ ಅಕ್ಷರ ಸೊಟ್ಟಗಾಗದ ಹಾಗೆ. ಕೊನೆಯಲ್ಲಿ ಅವಳ ಕೋಟಿನ ಸಾಲಿಗೆ ಬಂದಾಗ ನಿಂತ, ಷರಾದ ಜಾಗದಲ್ಲಿ ಇನ್ನೊಂದು ಮಾತು ಸೇರಿಸಿದ: ಈ ದಿನ ಬೆಳಿಗ್ಗೆ ಮನೆಯಿಂದ ಗೇಟಿನ ತನಕ ಈ ಕೋಟನ್ನು ತೊಡಲು ಹಕ್ಕಿಲ್ಲದವನೊಬ್ಬ ತೊಟ್ಟಿದ್ದ. ಹನ್ನೊಂದನೇ ಕಲಮಿನ ಉಲ್ಲಂಘನೆ. ಅದರ ಕೆಳಗೆ ತನ್ನ ಹೆಸರು ಪೂರ್ತಿ ಬರೆದು ರುಜು ಹಾಕಿದ. ಸಾಹೇಬರು ಓದಿ, ಪುಸ್ತಕವನ್ನು ಮಗಳ ಕಡೆ ತಿರುಗಿಸಿದರು.

ಹೊಲಿದವರ ರುಜುವೂ ಬೇಕಿತ್ತು. ಅವಳು ಪೆನ್ನು ತೆಗೆದುಕೊಂಡಳು, ಅದು ಬೆರಳುಗಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಹಿಡಿದುಕೊಡಲು ದರ್ಜಿಯ ಕೈ ಮುಂದಕ್ಕೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡ. ಅವಳು ಪೆನ್ನನ್ನು ಮುಷ್ಟಿಯಲ್ಲಿ ಕಟ್ಟಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಯಂತ್ರದ ಕೆಳಗೆ ಕೂತ ಹುಡುಗಿಯ ಹಾಗೆ, ಒಂದೊಂದೇ ರುಜು ಮಾಡತೊಡಗಿದಳು. ಎದುರಿಗೆ ಸಾಹೇಬರೇ ಬಂದರೂ ಅರ್ಧ ಮಾತ್ರ ಏಳುತ್ತಿದ್ದ ದರ್ಜಿ ಸ್ಟೂಲಿನಿಂದ ಪೂರ್ತಿ ಎದ್ದ. ಹದಿನೇಳೂ ಮುಗಿಯುವ ತನಕ ಕೂರಲಿಲ್ಲ.

ಮುಗಿಸಿ ಅವಳು ತಲೆಯೆತ್ತಿದಾಗ ಅವನು ತೆಳ್ಳನೆಯ ಅಂಗಿಯಲ್ಲಿ ನಡುಗುತ್ತಿದ್ದುದು ಕಣ್ಣಿಗೆ ಬಿತ್ತು. ಅಯ್ಯೋ, ಚಳಿ ಆಗ್ತಿದೆ ನಿಂಗೆ ಎಂದು ಕಂದು ಕೋಟಿನ ಗುಂಡಿಗೆ ಕೈ ಹಾಕಿದಳು. ಗುಂಡಿ ಬೆರಳಿಗೆ ಸಿಗಲಿಲ್ಲ.

"ಬಿಚ್ಚಬೇಡ" ಎಂದ ದರ್ಜಿ. "ಆ ಕೋಟು ಯಾರು ಬೇಕಾದ್ರೂ ಹಾಕ್ಕೋಬಹುದು."